ಕಾಗೆ ಮುಟ್ಟಿದ ವೋಟು

ಸರ್ಕಾರದ ಲೆಕ್ಕದಲ್ಲಿ ಗಂಗಲಕ್ಷ್ಮಮ್ಮ ಸತ್ತ ದಿನ ಬೆಳಿಗ್ಗೆ, ಟ್ಯಾಂಕು ತುಂಬಿ ಹರಿದರೂ ಮೋಟರ್ ಆಫ್ ಮಾಡಲಿಲ್ಲವೆಂದು ನನ್ನನ್ನು ಬಾಯಿಗೆ ಬಂದ ಹಾಗೆ ಬೈದಿದ್ದರು. ಕಗ್ಗದಾಸಪುರದಲ್ಲಿರುವ ಅವರ ಮನೆಯ ಮೊದಲ ಮಹಡಿಯ ಬಾಡಿಗೆದಾರಳು ನಾನು, ಹೆಸರು ಅಂಜಲಿ, ಊರು ಗಂಗಾವತಿ ಕಡೆ. ಇಷ್ಟು ಬೈಸಿಕೊಂಡೂ ಅಲ್ಲೇ ಉಳಿದಿರುವುದಕ್ಕೆ ಕಾರಣ ಇಷ್ಟೇ: ಅವರ ಬೈಗುಳದ ಬೆನ್ನಿಗೇ ಒಂದು ಬಟ್ಟಲು ಬಸ್ಸಾರು ಮಹಡಿ ಹತ್ತಿ ಬರುತ್ತದೆ. ಬೈಗುಳ ಮರೆತುಹೋಗುತ್ತದೆ, ಸಾರು ಮರೆಯುವುದಿಲ್ಲ.

ಅವತ್ತು ಬೈದು ಮುಗಿಸಿ, ಸಂಡಿಗೆ ಒಣಹಾಕಲು ತಾರಸಿಗೆ ಹೋದರು. ಪಕ್ಕದ ಮನೆಯ ತೆಂಗಿನ ಮರದಲ್ಲಿ ಕಾಗೆಯೊಂದು ಗೂಡು ಕಟ್ಟಿತ್ತು. ಸಂಡಿಗೆಯ ಆಸೆಗೋ, ಮರಿಗಳ ಭಯಕ್ಕೋ, ಅದು ಹಾರಿ ಬಂದು ಅವರ ನೆತ್ತಿಗೆ ಬಡಿದು, ಒಂದು ಕ್ಷಣ ತಲೆಯ ಮೇಲೆ ಕೂತೇ ಹೋಯಿತು. ಬಟ್ಟೆ ಹರವುತ್ತಿದ್ದ ನಾನು ಕಣ್ಣಾರೆ ಕಂಡೆ.

ಕೆಳಗಿನಿಂದ ಓಡಿ ಬಂದ ಮಗ ಶ್ರೀನಾಥನ ಮುಖ ಬಿಳಿಚಿಕೊಂಡಿತು. ಐವತ್ತು ದಾಟಿದ ಗಂಡಸು, ಸ್ಟಾರ್ಟಪ್ಪಿನ ಹುಡುಗರಿಗೆ ಮನೆಗಳನ್ನು ಬಾಡಿಗೆಗೆ ಕೊಡುವವನು, ಒಂದು ಕಾಗೆಗೆ ನಡುಗಿಬಿಟ್ಟ. ನನಗೆ ನಗು ಬಂತು, ಆದರೆ ನಗಲಿಲ್ಲ. ಕಾಗೆ ತಲೆ ಮುಟ್ಟಿದರೆ ಸಾವು ಎಂಬ ನಂಬಿಕೆ ನಮ್ಮ ಕಡೆಯೂ ಉಂಟು. ಅದಕ್ಕೆ ಪರಿಹಾರವೂ ಉಂಟು. ಮುಟ್ಟಿಸಿಕೊಂಡವರು ಸತ್ತರೆಂದು ದೂರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಿಜವೆಂದು ನಂಬಿ ಅತ್ತರೆ ಕಂಟಕ ಕಣ್ಣೀರಿನಲ್ಲೇ ಕಳೆದುಹೋಗುತ್ತದೆ. ಆಮೇಲೆ ನಿಜ ಹೇಳಿ ಬೈಸಿಕೊಂಡರಾಯಿತು. ಗಂಗಲಕ್ಷ್ಮಮ್ಮನ ತವರಿನಲ್ಲಿ ಇನ್ನೂ ಒಂದು ಕಟ್ಟಳೆ ಇತ್ತು: ಆ ಸುಳ್ಳನ್ನು ಒಂದು ಬಾಯಿ ಒಂದೇ ಸಲ ಹೇಳಬೇಕು. ಅದೇ ಬಾಯಿ ಎರಡನೇ ಸಲ ಹೇಳಿದರೆ ಅದು ನಿಜವಾಗಿಬಿಡುತ್ತದೆ.

"ಯಾರಿಗಮ್ಮ ಫೋನ್ ಮಾಡ್ಲಿ?" ಎಂದ ಶ್ರೀನಾಥ.

ಗಂಗಲಕ್ಷ್ಮಮ್ಮ ಕೆದರಿದ ತಲೆಗೂದಲನ್ನು ಸರಿಮಾಡಿಕೊಳ್ಳುತ್ತ, "ನಮ್ಮಣ್ಣಂಗೆ ಮಾಡು" ಎಂದರು. "ಅಳ್ತಾನೋ ಇಲ್ವೋ, ನೋಡೇಬಿಡಾನ."

ಅಣ್ಣ ಎಂದರೆ ಬೈಯಪ್ಪನಹಳ್ಳಿಯ ಮುನಿಆಂಜನಪ್ಪ. ಅಣ್ಣತಂಗಿ ಮಾತು ಬಿಟ್ಟು ಹತ್ತು ವರ್ಷವಾಗಿತ್ತು. ಅದಕ್ಕೆ ಕಾರಣ ಒಂದು ವೋಟು. ಹಿಂದಿನ ಪಾಲಿಕೆ ಚುನಾವಣೆಯಲ್ಲಿ ಆತ ನಮ್ಮ ವಾರ್ಡಿನಿಂದ ಪಕ್ಷೇತರನಾಗಿ ನಿಂತು, ಕೈಬೆರಳಲ್ಲಿ ಎಣಿಸುವಷ್ಟು ಮತಗಳಿಂದ ಸೋತಿದ್ದರು. ಸೋತವನಿಗೆ ಎಲ್ಲರೂ ಕಳ್ಳರೇ. ನೆಂಟರನ್ನೆಲ್ಲ ಮಾರಮ್ಮನ ಗುಡಿ ಮುಂದೆ ಸೇರಿಸಿ, ಕರ್ಪೂರ ಹಚ್ಚಿ, ನಿನಗೇ ವೋಟು ಹಾಕಿದೆ ಎಂದು ಒಬ್ಬೊಬ್ಬರಿಂದಲೂ ಆಣೆ ಮಾಡಿಸಿದರು. ಎಲ್ಲರೂ ಮಾಡಿದರು, ಹಾಕದವರೂ ಮಾಡಿದರು. ಗಂಗಲಕ್ಷ್ಮಮ್ಮ ಒಬ್ಬರು ಮಾತ್ರ, "ಯಾರಿಗೆ ಹಾಕ್ದೆ ಅಂತ ದೇವ್ರಿಗೂ ಹೇಳಲ್ಲ" ಎಂದು ಕರ್ಪೂರ ಆರುವ ತನಕ ಸುಮ್ಮನೆ ನಿಂತರು. ಗಂಡ ಚಿಕ್ಕಮುನಿಯಪ್ಪ ತೀರಿಕೊಂಡ ಮೇಲೂ ಪ್ರತಿ ಗೌರಿಹಬ್ಬಕ್ಕೆ ತಪ್ಪದೆ ಬರುತ್ತಿದ್ದ ತವರಿನ ಸೀರೆ ಆ ವರ್ಷ ನಿಂತುಹೋಯಿತು. ಅಣ್ಣ ಮತ್ತೆ ಕಳಿಸಲಿಲ್ಲ, ತಂಗಿ ಕೇಳಲಿಲ್ಲ. ಹಬ್ಬದ ದಿನ ಮಾತ್ರ ಗೇಟಿನ ಸದ್ದಾದಾಗಲೆಲ್ಲ ಆಕೆ ಬಾಗಿಲಿಗೆ ಬಂದು ಹೋಗುವುದನ್ನು ನಾನು ಮೇಲಿನಿಂದ ನೋಡುತ್ತಿದ್ದೆ. ನೋಡಿದಾಗಲೆಲ್ಲ ಆ ಮುದುಕನ ಮೇಲೆ ನನಗೆ ಸಿಟ್ಟು ಬರುತ್ತಿತ್ತು.

ಶ್ರೀನಾಥ ಅಂಗಳದಲ್ಲಿ ನಿಂತು ಫೋನ್ ಮಾಡಿದ. "ಮಾವಾ, ಅಮ್ಮ ಹೋಗ್ಬಿಟ್ರು ಮಾವಾ" ಎಂದು ಅವನು ಗೋಳಾಡಿದ್ದು ಎಷ್ಟು ಚೆನ್ನಾಗಿತ್ತೆಂದರೆ, ನಿಜ ಗೊತ್ತಿದ್ದ ನಾನೂ ಒಮ್ಮೆ ಗಂಗಲಕ್ಷ್ಮಮ್ಮನ ಕಡೆ ತಿರುಗಿ ನೋಡಿಕೊಂಡೆ.

ಆ ಹೊತ್ತಿಗೆ ಸರಿಯಾಗಿ ಗೇಟಿನ ಹೊರಗೆ ಪದ್ಮಶ್ರೀ ಟೀಚರ್ ನಿಂತಿದ್ದರು. ಮತದಾರರ ಪಟ್ಟಿ ಪರಿಷ್ಕರಣೆಗೆಂದು ಮನೆಮನೆ ಸುತ್ತುತ್ತಿದ್ದ ಸರ್ಕಾರಿ ಶಾಲೆಯ ಟೀಚರ್ ಅವರು, ತುಂಬಾ ಮರ್ಯಾದಸ್ಥೆ. ಸಾವಿನ ಮನೆಯೊಳಗೆ ಹೋಗಿ ಆಧಾರ್ ಕೇಳುವುದೇ ಎಂದು ಸದ್ದಿಲ್ಲದೆ ಹಿಂದೆ ಸರಿದು, ಬೀದಿಯ ಉಳಿದ ಮನೆಗಳನ್ನು ಮುಗಿಸಲು ಹೋದರು. ಒರಟು ಹೆಂಗಸಾಗಿದ್ದು ಒಳಗೇ ನುಗ್ಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮುನಿಆಂಜನಪ್ಪ ಆಟೋದಲ್ಲಿ ಬಂದರು. ಇಳಿಯುವಾಗಲೇ ಎದೆ ಬಡಿದುಕೊಂಡು ಅಳುತ್ತಿದ್ದರು. ಪಂಚೆ ಸರಿಯಾಗಿ ಉಟ್ಟಿರಲಿಲ್ಲ, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಕಂಕುಳಲ್ಲಿ ಮಾತ್ರ ಒಂದು ಹೊಸ ಸೀರೆಯ ಕವರ್ ಇತ್ತು. ಹೆಣ್ಣುಮಗಳು ಸತ್ತರೆ ಕೊನೆಯ ಸೀರೆ ತವರಿನಿಂದಲೇ ಬರಬೇಕು. ಹತ್ತು ವರ್ಷ ಹಬ್ಬಕ್ಕೆ ತರದವರು ಹೆಣಕ್ಕೆ ತಂದಿದ್ದರು.

ಗಂಗಲಕ್ಷ್ಮಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ಅಣ್ಣನ ಕಣ್ಣೀರು ನೋಡಿ ಅವರ ಮುಖ ಅರಳಿತು. "ಬಂದ್ಯಾ ಅಣ್ಣಾ? ಅತ್ತ್ಯಾ?" ಎಂದು ನಕ್ಕುಬಿಟ್ಟರು. ಖುಷಿಗೆ ನಕ್ಕಿದ್ದು. ಅದು ನನಗೆ ಗೊತ್ತಾಯಿತು, ಆತನಿಗೆ ಗೊತ್ತಾಗಲಿಲ್ಲ. ಆತ ಒಮ್ಮೆ ತಂಗಿಯನ್ನು, ಒಮ್ಮೆ ಅವರೆಕಾಯಿಯನ್ನು ನೋಡಿ, ಸೀರೆಯ ಕವರನ್ನು ಮತ್ತೆ ಕಂಕುಳಲ್ಲಿ ಒತ್ತಿಕೊಂಡು ಹೊರಟೇಬಿಟ್ಟರು. ಶ್ರೀನಾಥ "ಮಾವಾ, ಕಾಗೆ ಮಾವಾ" ಎಂದು ಹಿಂದೆ ಓಡಿದ. ಅವರು ತಿರುಗಿ ನೋಡಲಿಲ್ಲ.

ಬೀದಿಯ ತಿರುವಿನಲ್ಲಿ ಮತದಾರರ ಪಟ್ಟಿ ಹಿಡಿದ ಪದ್ಮಶ್ರೀ ಟೀಚರ್ ಸಿಕ್ಕರು. ಕಣ್ಣು ಒರೆಸಿಕೊಳ್ಳುತ್ತ ಬರುತ್ತಿದ್ದ ಮುದುಕರನ್ನು ಕಂಡು, "ಗಂಗಲಕ್ಷ್ಮಮ್ಮನವರು ತೀರ್ಕೊಂಡ್ರಂತಲ್ಲ ಸರ್, ನೀವು ಏನಾಗ್ಬೇಕು?" ಎಂದು ಮೆಲ್ಲಗೆ ಕೇಳಿದರಂತೆ.

"ಅಣ್ಣ. ಹೌದು, ಸತ್ತೋದ್ಲು. ಎಲ್ಲಿ ಸೈನ್ ಹಾಕ್ಬೇಕು ತಗೊಂಬಾ" ಎಂದರಂತೆ ಮುನಿಆಂಜನಪ್ಪ.

ಹಾಕಿಯೂ ಬಿಟ್ಟರು.

*

ಕರಡು ಪಟ್ಟಿ ಬಂದಾಗ ಹೆಸರು ಇರಲಿಲ್ಲ. ತೆಗೆದುಹಾಕಿದವರ ಪಟ್ಟಿಯಲ್ಲಿ ಹೆಸರಿನ ಮುಂದೆ "ಮೃತ" ಎಂದಿತ್ತು. ನಾನು ಓದಿ ಹೇಳಿದಾಗ ಗಂಗಲಕ್ಷ್ಮಮ್ಮ ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತರು.

"ನಮ್ಮತ್ತೆಗೂ ಇಂಗೇ ಆಗಿತ್ತು ಕಣಮ್ಮ" ಎಂದರು.

ಅವರ ಅತ್ತೆ ಅಕ್ಕಯಮ್ಮನ ಕಥೆ ನಾನು ಮೊದಲೂ ಕೇಳಿದ್ದೆ, ಆದರೆ ಅವತ್ತು ಬೇರೆಯಾಗಿ ಕೇಳಿಸಿತು. ಈ ಮನೆಯವರು ಹಾಲು ಮಾರುತ್ತಿದ್ದ ಕಾಲವದು. ಕಗ್ಗದಾಸಪುರ ಮೈಸೂರು ದೊರೆಗಳದ್ದು, ಹಾಲು ಕೊಳ್ಳುವ ಫ್ರೇಜರ್ ಟೌನಿನ ಬಂಗಲೆಗಳು ಬ್ರಿಟಿಷರ ದಂಡಿನದ್ದು. ಬೆಳಿಗ್ಗೆ ಹಾಲಿನ ಕೊಡ ಹೊತ್ತು ಹಲಸೂರು ದಾಟಿದರೆ ಬೇರೆ ಸರ್ಕಾರ, ಖಾಲಿ ಕೊಡದಲ್ಲಿ ಹಿಂತಿರುಗಿದರೆ ಸ್ವಂತ ಸರ್ಕಾರ. ಎರಡು ಕಡೆಯೂ ಅಕ್ಕಯಮ್ಮನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ದೊರೆಗಳ ಪ್ರಜಾಪ್ರತಿನಿಧಿ ಸಭೆಗೆ ವೋಟು ಹಾಕಲು ಆಕೆಯ ಮಾವ ಹೋಗುತ್ತಿದ್ದರಂತೆ, ಕಂದಾಯ ಕಟ್ಟುವ ಜಮೀನಿತ್ತಲ್ಲ. "ಆವಾಗ ಮಣ್ಣಿಗೆ ವೋಟಿತ್ತು, ಮನುಸ್ರಿಗೆ ಇರ್ಲಿಲ್ಲ" ಎನ್ನುತ್ತಿದ್ದಳಂತೆ ಅಕ್ಕಯಮ್ಮ.

ಸ್ವಾತಂತ್ರ್ಯ ಬಂತು. ಮಣ್ಣಿದ್ದವರಿಗೂ ಇಲ್ಲದವರಿಗೂ, ಗಂಡಿಗೂ ಹೆಣ್ಣಿಗೂ ಒಂದೊಂದು ವೋಟೆಂದು ಹೆಸರು ಬರೆದುಕೊಳ್ಳಲು ಬಂದರು. ಬಾಗಿಲ ಸಂದಿಯಲ್ಲಿದ್ದ ಅಕ್ಕಯಮ್ಮ, ಪರಗಂಡಸಿಗೆ ಹೆಸರು ಹೇಳುವುದೇ ಎಂದು ನಾಚಿ ಬಾಯಿ ಬಿಡಲಿಲ್ಲ. ಬಂದವನು ಇಂಥವರ ಹೆಂಡತಿ ಎಂದಷ್ಟೇ ಬರೆದುಕೊಂಡ. ಸ್ವಂತ ಹೆಸರಿಲ್ಲದವರನ್ನು ಮೇಲಿನವರು ಪಟ್ಟಿಯಿಂದ ತೆಗೆಸಿದರು. ದೇಶದ ಮೊದಲ ಚುನಾವಣೆಯ ದಿನ ಹೊಸ ಸೀರೆಯುಟ್ಟು ಹೋದವಳನ್ನು ಮತಗಟ್ಟೆಯಿಂದ ವಾಪಸ್ಸು ಕಳಿಸಿದರು. ಮುಂದಿನ ಚುನಾವಣೆಗೆ ಮನೆಬಾಗಿಲಲ್ಲಿ ನಿಂತು ತನ್ನ ಹೆಸರನ್ನು ಕೂಗಿ ಹೇಳಿದಳಂತೆ, ಬೀದಿಯೆಲ್ಲ ಕೇಳುವ ಹಾಗೆ. ಚಿಹ್ನೆಗೊಂದು ಡಬ್ಬ ಇಡುತ್ತಿದ್ದ ಕಾಲ. ಗಂಡ ಇಂಥ ಡಬ್ಬಕ್ಕೇ ಹಾಕು ಎಂದು ಹೇಳಿ ಕಳಿಸಿದ್ದ. ಯಾವುದಕ್ಕೆ ಹಾಕಿದಳೆಂದು ಅವನು ಸಾಯುವ ತನಕ ಕೇಳಿದ, ಇವಳು ಸಾಯುವ ತನಕ ಹೇಳಲಿಲ್ಲ. ಸೊಸೆಗೆ ಇಪ್ಪತ್ತೊಂದು ತುಂಬಿ ಮೊದಲ ಸಲ ವೋಟು ಹಾಕಲು ಹೊರಟಾಗ ಆಕೆ ಕೊಟ್ಟ ಬುದ್ಧಿವಾದವೂ ಅದೇ: "ಯಾರಿಗೆ ಹಾಕ್ದೆ ಅಂತ ಗಂಡ ಕೇಳಿದ್ರೂ ಹೇಳ್ಬೇಡ. ಹೇಳಿದ್ ದಿನ ಅದು ನಿನ್ ವೋಟಲ್ಲ, ಅವನ್ ವೋಟು."

ಮೊದಲ ಚುನಾವಣೆ ನಡೆದ ಚಳಿಗಾಲದಲ್ಲೇ ಹುಟ್ಟಿದ ಗಂಗಲಕ್ಷ್ಮಮ್ಮ ಆ ಮೊದಲ ವೋಟಿನಿಂದೀಚೆಗೆ ಒಂದು ಚುನಾವಣೆಯನ್ನೂ ತಪ್ಪಿಸಿರಲಿಲ್ಲ. ಗಂಡನ ಹನ್ನೊಂದನೇ ದಿನದ ಕಾರ್ಯದ ನಡುವೆ ಎದ್ದು ಹೋಗಿ ಹಾಕಿ ಬಂದವರು.

ನಾನು ಇಂದಿರಾನಗರದಲ್ಲಿ ವೀಸಾ ಅರ್ಜಿಗಳ ಕಾಗದ ಪರಿಶೀಲಿಸುವ ಆಫೀಸಿನವಳು. ಯಾರು ಯಾವ ದೇಶದ ಪ್ರಜೆ ಎಂದು ದಿನವಿಡೀ ಕಾಗದ ನೋಡಿ ಒಪ್ಪುವುದೇ ನನ್ನ ಕೆಲಸ. ಬದುಕಿರುವವರು ಬದುಕಿದ್ದೇನೆಂದು ತೋರಿಸುವುದು ಎಷ್ಟರ ಮಾತು ಎಂದುಕೊಂಡೆ. ತಪ್ಪಾಗಿತ್ತು. ಹಾಲು ಕರೆದು ಸಗಣಿ ಬಾಚಿ ಸವೆದ ಬೆರಳಚ್ಚನ್ನು ಆಧಾರ್ ಯಂತ್ರ ಒಪ್ಪಲಿಲ್ಲ. ಹಳೇ ಗುರುತಿನ ಚೀಟಿಯ ಫೋಟೊ ಎಷ್ಟು ಕಪ್ಪಾಗಿತ್ತೆಂದರೆ ಅದು ಅವರದ್ದೂ ಆಗಬಹುದಿತ್ತು, ನನ್ನದೂ ಆಗಬಹುದಿತ್ತು. ಪದ್ಮಶ್ರೀ ಟೀಚರ್ ಬಂದು ಕೈಮುಗಿದು ಅತ್ತರು. "ಅಜ್ಜಿ, ನಾನೇ ಹೋಗಿ ತಪ್ಪಾಯ್ತು ಅಂದೆ. ಒಡಹುಟ್ಟಿದವರು ಸೈನ್ ಹಾಕಿದಾರಲ್ಲ, ಅವರೇ ಬಂದು ವಾಪಸ್ ತಗೋಬೇಕಂತೆ. ನಾಳಿದ್ದು ವಿಚಾರಣೆ. ಅದೇ ಕೊನೆ. ಆಮೇಲೆ ಹೊಸ ಅರ್ಜಿ ಹಾಕ್ಬಹುದು, ಆದ್ರೆ ಈ ಚುನಾವಣೆಗೆ ಸಿಗಲ್ಲ."

"ಎಷ್ಟೋ ವರ್ಸ ಆದ್ಮೇಲೆ ಬಂದಿರೋ ಪಾಲಿಕೆ ಚುನಾವಣೆ" ಎಂದರು ಗಂಗಲಕ್ಷ್ಮಮ್ಮ. "ಮುಂದಿನ್ದು ಬರೋಗಂಟ ನಾನಿರ್ತೀನೇನಮ್ಮ?"

ಮರುದಿನ ನಾನು ರಜೆ ಹಾಕಿ ಅವರನ್ನು ಬೈಯಪ್ಪನಹಳ್ಳಿಗೆ ಕರೆದುಕೊಂಡು ಹೋದೆ. ಶ್ರೀನಾಥ ಬರಲೊಪ್ಪಲಿಲ್ಲ, ಸುಳ್ಳು ಫೋನ್ ಮಾಡಿದ ಬಾಯಿ ಹೊತ್ತು ಸೋದರಮಾವನ ಮುಂದೆ ಹೇಗೆ ನಿಲ್ಲುವುದು ಎಂದ. ಮುನಿಆಂಜನಪ್ಪ ವರಾಂಡದ ಕುರ್ಚಿಯಲ್ಲಿದ್ದರು. ಮೆಟ್ರೋ ಗಾಡಿ ಹಾದುಹೋದಾಗ ಅಲ್ಲಿನ ಕಿಟಕಿ ಸಣ್ಣಗೆ ನಡುಗುತ್ತಿತ್ತು. ತಂಗಿಯ ಕಡೆ ಕಣ್ಣೆತ್ತಿಯೂ ನೋಡದೆ ನನ್ನನ್ನೇ ನೋಡಿ ಮಾತಾಡಿದರು.

"ಸತ್ತೋರ ಜತೆ ನಾನು ಮಾತಾಡಲ್ಲ. ನೀನ್ ಕೇಳಿಸ್ಕೊಳಮ್ಮ. ಬರ್ತೀನಿ, ವಾಪಸ್ ತಗೋತೀನಿ. ಒಂದೇ ಮಾತು. ಅವತ್ತು ಯಾರಿಗ್ ಹಾಕಿದ್ಲು, ಅದನ್ನ ಹೇಳ್ಬೇಕು."

"ಅದು ಕೇಳಬಾರದ್ರಿ ಅಜ್ಜಾ" ಎಂದೆ. ನನ್ನ ದನಿ ಏರಿತ್ತು. "ನಿಮ್ಮನ್ನ ನೋಡಾಕ ಬಂದಾರ, ಅವರ ಮುಖಾನಾದ್ರೂ ನೋಡ್ರಿ."

"ಹೆಣ ನೋಡಾಕೆ ಬರಿಗಾಲಲ್ ಓಡ್ಬಂದೆ" ಎಂದರು ಅವರು. "ಬೀದಿ ಜನ ನೋಡ್ತಿದ್ರು. ಅವಳು ನಕ್ಕಳು."

ಗಂಗಲಕ್ಷ್ಮಮ್ಮ ಎದ್ದರು. ಹೊರಡುವಾಗ ಹೊಸ್ತಿಲ ಬಳಿ ತಿರುಗಿ, "ಬಿ.ಪಿ. ಮಾತ್ರೆ ಸರ್ಯಾಗ್ ತಗೊಂತಿದೀಯ?" ಎಂದು ಕೇಳಿದರು.

ಆಟೋದಲ್ಲಿ ಶ್ರೀನಾಥನ ಫೋನ್ ಬಂತು. "ಹೇಳ್ಬಿಡಮ್ಮ. ನಿಂಗೇ ಹಾಕ್ದೆ ಅಂತ ಹೇಳ್ಬಿಡು. ಸುಳ್ಳಾದ್ರೂ ಹೇಳು."

"ಒಂದ್ ಸುಳ್ಳು ಹೇಳಿದ್ದಕ್ಕೆ ಸತ್ತಿದೀನಿ. ಇನ್ನೊಂದು ಬೇಡಪ್ಪ" ಎಂದು ಫೋನ್ ನನ್ನ ಕೈಗೆ ಕೊಟ್ಟರು.

*

ವಿಚಾರಣೆ ನಡೆದದ್ದು ಸರ್ಕಾರಿ ಶಾಲೆಯ ಒಂದು ಕೋಣೆಯಲ್ಲಿ. ಗೋಡೆಯ ಮೇಲೆ ಮಗ್ಗಿ ಬರೆದಿತ್ತು, ಬೆಂಚುಗಳ ಮೇಲೆ ಹೆಸರು ಕಳೆದುಕೊಂಡವರು ಒತ್ತೊತ್ತಾಗಿ ಕೂತಿದ್ದರು. ಬಾಡಿಗೆ ಮನೆ ಬದಲಾಯಿಸಿದವರು, ಒಂದೇ ಹೆಸರು ಎರಡು ಕಡೆ ಇದ್ದವರು. ಸತ್ತವರು ಅಂತ ಇದ್ದದ್ದು ನಮ್ಮವರೊಬ್ಬರೇ. ಅಧಿಕಾರಿ ದಣಿದ ಮನುಷ್ಯ, ಕೆಟ್ಟವರಲ್ಲ. ಮುಂದಿದ್ದ ಸರದಿಗಳು ಮುಗಿಯುತ್ತ ಬಂದವು. ಮುನಿಆಂಜನಪ್ಪನ ಸುಳಿವಿಲ್ಲ. ಶ್ರೀನಾಥ ಗೇಟಿಗೂ ಕೋಣೆಗೂ ಓಡಾಡುತ್ತಿದ್ದ. ನಾನು ಉಗುರು ಕಚ್ಚುತ್ತಿದ್ದೆ. ಕಾಗೆಯಿಂದ ಹಿಡಿದು ದೇಶದ ಸಂವಿಧಾನದ ತನಕ ಎಲ್ಲದರ ಮೇಲೂ ನನಗೆ ಸಿಟ್ಟು ಬಂದಿತ್ತು.

ಹೆಸರು ಕೂಗಿದರು. ಗಂಗಲಕ್ಷ್ಮಮ್ಮ ಎದ್ದು, "ಇದೀನಿ" ಎಂದರು.

"ಹೇಳಿಕೆ ಕೊಟ್ಟವರು?" ಎಂದರು ಅಧಿಕಾರಿ.

ಶ್ರೀನಾಥ ಬಾಗಿಲ ಕಡೆ ನೋಡಿದ. ಅಧಿಕಾರಿ ಪೆನ್ನು ಎತ್ತಿಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಮುನಿಆಂಜನಪ್ಪ ಬಂದು, ತಂಗಿಯಿಂದ ಒಂದು ಮಾರು ದೂರದಲ್ಲಿ ನಿಂತರು.

"ನಾನೇ ಸ್ವಾಮಿ ಸೈನ್ ಹಾಕಿದ್ದು. ಅವಳು ಒಂದ್ ಮಾತು ಹೇಳಿದ್ರೆ ವಾಪಸ್ ತಗೋತೀನಿ. ಯಾರಿಗೆ ವೋಟ್ ಹಾಕಿದ್ಲು ಅವತ್ತು?"

"ಅದನ್ನ ಇಲ್ಲಿ ಕೇಳೋ ಹಾಗಿಲ್ಲ ಸ್ವಾಮಿ. ಎಲ್ಲೂ ಕೇಳೋ ಹಾಗಿಲ್ಲ" ಎಂದರು ಅಧಿಕಾರಿ.

"ಹಂಗಾದ್ರೆ ನಾನ್ ಕೊಟ್ಟಿರೋ ಹೇಳ್ಕೆ ಹಂಗೇ ಇರ್ಲಿ."

ಶ್ರೀನಾಥ ಅಮ್ಮನ ಕಿವಿಯಲ್ಲಿ ಏನೋ ಬೇಡಿಕೊಂಡ. ಗಂಗಲಕ್ಷ್ಮಮ್ಮ ಇಲ್ಲವೆಂದು ತಲೆಯಾಡಿಸಿದರು. ಅವರ ಕಣ್ಣಲ್ಲಿ ನೀರು ತುಂಬಿತ್ತು. ವೋಟು ಹೋಗುತ್ತಿದೆಯೆಂದೋ, ಅಣ್ಣ ಹೋಗುತ್ತಿದ್ದಾನೆಂದೋ, ನನಗೆ ತಿಳಿಯಲಿಲ್ಲ. "ಹೇಳಿ ಉಳಿಸ್ಕೊಂಡ್ರೆ ಅದೆಂಥಾ ವೋಟು?" ಎಂದರು ಮೆಲ್ಲಗೆ. "ಬೇಡ. ಹೋಗ್ಲಿ ಬಿಡು."

ಅಧಿಕಾರಿ ಒಂದು ಹಾಳೆ ತೆಗೆದು ಮುನಿಆಂಜನಪ್ಪನ ಮುಂದೆ ಇಟ್ಟರು. "ಸರಿ. ನೀವು ಸತ್ತಿದ್ದಾರೆ ಅಂತೀರಿ, ಇಲ್ಲೊಬ್ಬರು ಅದೇ ಹೆಸರು ಹೇಳ್ಕೊಂಡು ನಿಂತಿದಾರೆ. ಎದುರಿಗಿರೋರು ನಿಮ್ಮ ತಂಗಿ ಅಲ್ಲ, ನಿಮ್ಮ ತಂಗಿ ಸತ್ತಿದ್ದಾಳೆ ಅಂತ ನನ್ನ ಮುಂದೆ ಬಾಯಲ್ಲಿ ಹೇಳಿ. ಬರ್ಕೊಂಡು ಸೈನ್ ತಗೋತೀನಿ."

ಮುನಿಆಂಜನಪ್ಪ ಪೆನ್ನು ಹಿಡಿದರು. ಬಾಯಿ ತೆರೆದರು. ಮಾತು ಬರಲಿಲ್ಲ. ಎರಡನೇ ಸಲ ಹೇಳಿದರೆ ನಿಜವಾಗುತ್ತದೆಂಬ ಕಟ್ಟಳೆ ಅವರ ಮನೆಯದೇ, ಬಾಲ್ಯದಿಂದ ನಂಬಿಕೊಂಡು ಬಂದದ್ದು.

ಗಂಗಲಕ್ಷ್ಮಮ್ಮ ಆ ಒಂದು ಮಾರನ್ನು ದಾಟಿ ಅವರೆದುರು ಬಂದು ನಿಂತರು.

"ಹೇಳಣ್ಣ" ಎಂದರು. "ಒಂದ್ಸಲ ನೀನು ಅತ್ತಿದ್ದಕ್ಕೆ ಬದುಕ್ಕೊಂಡೆ. ಇನ್ನೊಂದ್ಸಲ ಹೇಳು. ನಿನ್ ಬಾಯಿಂದ್ಲೇ ಹೋದ್ರೆ ಹೋಗ್ಲಿ."

ಆತ ಹತ್ತು ವರ್ಷದ ಮೇಲೆ ಮೊದಲ ಬಾರಿಗೆ ತಂಗಿಯ ಮುಖವನ್ನು ಕಣ್ತುಂಬ ನೋಡಿದರು. ಪೆನ್ನನ್ನು ಮೇಜಿನ ಮೇಲೆ ಕುಕ್ಕಿ, ಅಧಿಕಾರಿಯ ಮೇಲೆಯೇ ಎಗರಿಬಿದ್ದರು.

"ಬದುಕವಳೆ! ಕಣ್ ಕಾಣಲ್ವೇನ್ರಿ ನಿಮ್ಗೆ? ಬದುಕಿರೋಳ್ನ ಮುಂದಿಟ್ಕಂಡು ಸತ್ತೌಳೆ ಅಂತ ಹೇಳು ಅಂತೀರಲ್ಲ, ಮನುಸ್ರಾ ನೀವು? ನನ್ ತಂಗಿ ಇವ್ಳು. ಗಂಗಲಕ್ಷ್ಮಿ. ನಮ್ಮವ್ವ ಹೆಸರಿಟ್ಟಾಗ ನಾನು ಪಕ್ಕದಲ್ಲಿದ್ದೆ. ಬರ್ಕೊಳ್ಳಿ!"

ಪಾಪ, ಅಧಿಕಾರಿ ಬರೆದುಕೊಂಡರು. ಪದ್ಮಶ್ರೀ ಟೀಚರ್ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ನಾನು ತಿರುಗಲೂ ಇಲ್ಲ, ಒರೆಸಿಕೊಳ್ಳಲೂ ಇಲ್ಲ. ಅಳು ಬಂದಾಗ ಅತ್ತುಬಿಡುವವಳು ನಾನು.

ಹೊರಗೆ ಶಾಲೆಯ ಅಂಗಳದಲ್ಲಿ ಮುನಿಆಂಜನಪ್ಪ ಸರಸರ ನಡೆದುಬಿಟ್ಟಿದ್ದರು. ತಂಗಿ ಹಿಂದಿನಿಂದ ಕೂಗಿದರು: "ಅಣ್ಣಾ, ಆ ಸೀರೆ ಎಲ್ಲಿ?"

ಆತ ಬೆಚ್ಚಿ ನಿಂತರು. "ಅದು ಬೇಡ ಕಣೇ. ಅದು ತಂದಿದ್ದು..." ಮಾತು ಮುಗಿಸಲಾಗಲಿಲ್ಲ.

"ತಂಗಿಗ್ ತಾನೇ ತಂದಿದ್ದು? ಕಳ್ಸು."

*

ಮತದಾನದ ದಿನ ಅದೇ ಶಾಲೆ. ಹೆಂಗಸರದೊಂದು ಸಾಲು, ಗಂಡಸರದೊಂದು ಸಾಲು. ನೆಂಟರಲ್ಲಿ ಕೆಲವರು ಗಂಗಲಕ್ಷ್ಮಮ್ಮನನ್ನು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡರು. ಹೆಣಕ್ಕೆ ತಂದ ಸೀರೆಯನ್ನು ಯಾರಾದರೂ ಉಡುತ್ತಾರೆಯೇ? ಹಸಿರು ಒಡಲಿಗೆ ಮೆರೂನ್ ಅಂಚು, ಮಡಿಕೆಯ ಗೆರೆ ಇನ್ನೂ ಹಾಗೇ ಇತ್ತು. ಮುನಿಆಂಜನಪ್ಪನ ವೋಟು ಬೈಯಪ್ಪನಹಳ್ಳಿಯಲ್ಲಿ. ಆದರೂ ಬಂದು ಗೇಟಿನ ಹೊರಗಿನ ಹೊಂಗೆಮರದ ಕೆಳಗೆ ನಿಂತಿದ್ದರು. ಯಾಕೆ ಬಂದಿರಿ ಎಂದು ನಾನು ಕೇಳಿದರೆ, ಈ ಕಡೆ ಸ್ವಲ್ಪ ಕೆಲಸವಿತ್ತು ಎಂದರು.

ತಂಗಿ ಹಾಕಿ ಹೊರಬಂದು, ಶಾಯಿ ಹತ್ತಿದ ಬೆರಳನ್ನು ಅಣ್ಣನ ಮುಖದ ಮುಂದೆ ಹಿಡಿದು ತೋರಿಸಿದರು. ಆತ ಬಾಯಿ ತೆರೆದರು. ಏನು ಕೇಳಲು ತೆರೆದರೆಂದು ನಮಗೆಲ್ಲ ಗೊತ್ತಿತ್ತು. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡರು.

ಸಾಲಿನಲ್ಲಿದ್ದ ಯಾರೋ ಹೆಂಗಸು ಕೇಳಿದಳು, "ಸೀರೆ ಚೆನ್ನಾಗೈತಲ್ಲಮ್ಮೋ, ಯಾರ್ ಕೊಟ್ಟಿದ್ದು?"

"ಅದನ್ನ ಬೇಕಾದ್ರೆ ಹೇಳ್ತೀನಿ" ಎಂದರು ಗಂಗಲಕ್ಷ್ಮಮ್ಮ, ಅವರ ಅತ್ತೆ ಒಂದು ಕಾಲದಲ್ಲಿ ಬಾಗಿಲಲ್ಲಿ ನಿಂತು ಕೂಗಿದ ಹಾಗೆ, ಬೀದಿಯೆಲ್ಲ ಕೇಳುವಂತೆ. "ನಮ್ಮಣ್ಣ ತಂದಿದ್ದು!"